ದಖ್ಖನ್ನಿನ ಮಾಗಿ ಮತ್ತು ಎಳೆಯ ಹಣ್ಣಿನ ಗಿಡ

(ಹೈದರಾಬಾದಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಪಂಪನ ಮೇಲೆ, ವಚನಗಳ ಮೇಲೆ, ದಾಸರ ಪದಗಳ ಮೇಲೆ ಮಾತು ಕೇಳಿ ರೂಢಿಯಾದ ಸಭೆ ಇದು. ಇಲ್ಲಿ ಹಣ್ಣಿನ ಗಿಡಗಳನ್ನು ಚಳಿಯಿಂದ ಕಾಯುವ ವಿಷಯ ಎತ್ತಿಕೊಳ್ಳಲು ಒಪ್ಪಿದ ದತ್ತಿದಾತರ ಮನೆಯವರಿಗೆ ಮೊದಲ ವಂದನೆ. ವಿಷಯ ತಿಳಿಸಿದಾಗ ಹಲವರು ಕೇಳಿದ್ದು ಒಂದೇ ಪ್ರಶ್ನೆ: ಹೈದರಾಬಾದಿನಲ್ಲಿ ಗಿಡ ಸಾಯುವಷ್ಟು ಚಳಿ ಎಲ್ಲಿದೆ? ಬೇಸಿಗೆಯಲ್ಲಿ 42 ಡಿಗ್ರಿ ಕಂಡವರು ಹೀಗೆ ಕೇಳುವುದು ಸಹಜ. ಆದರೆ 1946ರ ಜನವರಿ 8ರಂದು ಈ ಊರಿನಲ್ಲಿ ಉಷ್ಣಾಂಶ 6.1 ಡಿಗ್ರಿಗೆ ಇಳಿದಿತ್ತು. ಈಚಿನ ವರ್ಷಗಳಲ್ಲೂ ಡಿಸೆಂಬರ್, ಜನವರಿಯ ಪತ್ರಿಕೆ ತೆರೆದರೆ ಪಟಾನ್‌ಚೆರು, ರಾಜೇಂದ್ರನಗರ, ಗಚ್ಚಿಬೌಲಿಯ ವಿಶ್ವವಿದ್ಯಾಲಯದ ಆವರಣ ಇವೆಲ್ಲ ಒಂದಂಕಿಗೆ ಇಳಿದ ಸುದ್ದಿ ಇರುತ್ತದೆ. ಬೇಗಂಪೇಟೆಯ ಅಂಕಿ ಮಾತ್ರ ಎರಡು ಮೂರು ಡಿಗ್ರಿ ಮೇಲೆ ನಿಂತಿರುತ್ತದೆ. ಅಲ್ಲಿ ಸುತ್ತ ಕಾಂಕ್ರೀಟು, ಡಾಂಬರು. ಅವು ಹಗಲಿನ ಬಿಸಿಯನ್ನು ರಾತ್ರಿಯೆಲ್ಲ ಬಿಡುತ್ತ ಇರುತ್ತವೆ. ಬೀದರಿನಿಂದ, ಜಹೀರಾಬಾದಿನ ಕಡೆಯಿಂದ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಅವರ ಮನೆಯಲ್ಲಿ 'ಥಂಡಿ' ಎಂದರೆ ಏನೆಂದು ಎಲ್ಲರೂ ಬಲ್ಲರು.

ಇನ್ನೊಂದು ಮಾತನ್ನೂ ಗಮನಿಸಬೇಕು. ಹವಾಮಾನ ಇಲಾಖೆಯ ಉಷ್ಣಮಾಪಕ ಇರುವುದು ಬಿಳಿ ಬಣ್ಣದ ಜಾಲಂದರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ. ನೀವು ಜೂನಿನಲ್ಲಿ ನೆಟ್ಟ ಮಾವಿನ ಕಸಿ ಗಿಡ ಇರುವುದು ನೆಲದಿಂದ ಒಂದೂವರೆ ಅಡಿಯಲ್ಲಿ, ಬಯಲಿನಲ್ಲಿ, ತಲೆಯ ಮೇಲೆ ಏನೂ ಇಲ್ಲದೆ. ಗಾಳಿ ನಿಂತ ತಿಳಿ ರಾತ್ರಿಯಲ್ಲಿ ನೆಲದ ಹತ್ತಿರದ ಎಲೆ ಆ ಪೆಟ್ಟಿಗೆಯ ಗಾಳಿಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚು ತಣ್ಣಗಿರುತ್ತದೆ. ಪತ್ರಿಕೆಯಲ್ಲಿ ಎಂಟು ಎಂದು ಓದಿದ ದಿನ ಗಿಡ ನಾಲ್ಕೈದರಲ್ಲಿ ನಿಂತಿತ್ತು ಎಂದು ತಿಳಿಯಬೇಕು.

ಯಾಕೆ ಹೀಗೆ? ದಖ್ಖನ್ನಿನ ಚಳಿಯ ಸ್ವಭಾವವೇ ಅದು. ಇಲ್ಲಿ ಹಿಮ ಬೀಳುವುದಿಲ್ಲ, ದಿನಗಟ್ಟಲೆ ಮಂಕು ಕವಿಯುವುದಿಲ್ಲ. ಹಗಲು 28 ಡಿಗ್ರಿಯ ಚೆಂದದ ಬಿಸಿಲು. ಸಂಜೆಯಾದೊಡನೆ ನೆಲ, ಎಲೆ, ಬಂಡೆ ಎಲ್ಲವೂ ತಮ್ಮ ಬಿಸಿಯನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಡುತ್ತವೆ. ಮೋಡವಿದ್ದರೆ ಅದು ಕಂಬಳಿಯಂತೆ ಹೊದ್ದುಕೊಂಡು ಆ ಬಿಸಿಯ ಒಂದು ಪಾಲನ್ನು ಮರಳಿ ಕೊಡುತ್ತದೆ. ಮೋಡವಿಲ್ಲ, ಗಾಳಿಯಲ್ಲಿ ತೇವವೂ ಇಲ್ಲವೆಂದರೆ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ತಣಿದ ಗಾಳಿ ಭಾರವಾಗಿ ಇಳಿಜಾರು ಹಿಡಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಒಂದೇ ತೋಟದ ದಿಬ್ಬದ ಮೇಲಿನ ಗಿಡ ಹಸಿರಾಗಿದ್ದು ತಗ್ಗಿನ ಗಿಡ ಸುಟ್ಟಂತೆ ಕಾಣುವುದು ಇದರಿಂದಲೇ. ಇಳಿಜಾರಿಗೆ ಅಡ್ಡಲಾಗಿ ಕಾಂಪೌಂಡ್ ಗೋಡೆ ಕಟ್ಟಿದ್ದರೆ ಗೋಡೆಯ ಏರಿನ ಬದಿಯಲ್ಲಿ ಆ ತಣ್ಣನೆಯ ಗಾಳಿ ನಿಂತುಬಿಡುತ್ತದೆ. ಗೋಡೆಯ ಬುಡದಲ್ಲಿ ಒಂದೆರಡು ಕಿಂಡಿ ಬಿಟ್ಟರೆ ನೀರು ಹರಿದಂತೆ ಅದೂ ಹರಿದುಹೋಗುತ್ತದೆ.

ದೊಡ್ಡ ಮರ ಇದನ್ನೆಲ್ಲ ತಾಳಿಕೊಳ್ಳುತ್ತದೆ. ಅದರ ನೆತ್ತಿ ತಣ್ಣನೆಯ ಪದರದ ಮೇಲಿರುತ್ತದೆ, ತೊಗಟೆ ದಪ್ಪ, ಬೇರು ಆಳ. ಆಳದ ಮಣ್ಣು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಸಮನೆ ಬೆಚ್ಚಗಿರುತ್ತದೆ. ಎಳೆ ಗಿಡದ ಬೇರು ಇನ್ನೂ ಮೇಲಿನ ಒಂದಡಿಯಲ್ಲೇ ಇದೆ. ಮೇಲಾಗಿ ನಮ್ಮ ಹೈದರಾಬಾದಿನ ಸುತ್ತಣ ನೆಲ ಬಹುಪಾಲು ಕಗ್ಗಲ್ಲಿನ ಮೇಲಿನ ತೆಳು ಕೆಂಪು ಮಣ್ಣು. ಎರಡಡಿ ಅಗೆದರೆ ಹಾರೆ ಠಣ್ಣೆನ್ನುತ್ತದೆ. ಚಳಿಯಿಂದ ಬೇರು ತಪ್ಪಿಸಿಕೊಳ್ಳಲು ಆಳವೇ ಇಲ್ಲ.

ಈ ಊರಿನ ಕನ್ನಡ ಮನೆಗಳಲ್ಲಿ ಈ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ನಮ್ಮಲ್ಲಿ ಒಂದು ಪಾಲು ಬೀದರ್, ಕಲಬುರಗಿ, ರಾಯಚೂರಿನಿಂದ ಬಂದವರು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳೂ ಇದೇ ಹೈದರಾಬಾದ್ ರಾಜ್ಯದವು. ಅವರು ತರುವ ಪೇರಲ, ಬಾರೆ, ಸೀತಾಫಲಗಳಿಗೆ ಇಲ್ಲಿನ ಹವೆ ತವರಿನದೇ. ಇನ್ನೊಂದು ಪಾಲು ಕರಾವಳಿಯಿಂದ ಹೋಟೆಲು, ಬ್ಯಾಂಕು ಎಂದು ಬಂದ ಕುಟುಂಬಗಳು. ಊರಿಗೆ ಹೋದಾಗಲೆಲ್ಲ ಅವರ ಚೀಲದಲ್ಲಿ ಹಲಸು, ಪುನರ್ಪುಳಿ, ಬಿಂಬುಳಿ, ಈಚೆಗೆ ರಂಬುಟಾನ್, ಮ್ಯಾಂಗೋಸ್ಟೀನ್ ಸಸಿಗಳು ಬರುತ್ತವೆ. ಊರಿನ ರುಚಿಯನ್ನು ಮಕ್ಕಳಿಗೆ ಉಳಿಸಿಕೊಡುವ ಆಸೆ ಅದು. ನನಗೆ ಅದು ಬಹಳ ದೊಡ್ಡ ಆಸೆಯಾಗಿ ಕಾಣುತ್ತದೆ. ಆ ಗಿಡಗಳು ಹುಟ್ಟಿದ ನೆಲದಲ್ಲಿ ಚಳಿಗಾಲವೆಂದರೆ 20 ಡಿಗ್ರಿ, ಅದೂ ತೇವ ತುಂಬಿದ ಗಾಳಿ. ಇಲ್ಲಿ ಡಿಸೆಂಬರಿನಲ್ಲಿ ಉತ್ತರದಿಂದ ಬೀಸುವ ಒಣಗಾಳಿಗೆ ಅವುಗಳ ಎಲೆಯಂಚು ಮೊದಲು ಕಂದುತ್ತದೆ, ಆಮೇಲೆ ತುದಿಚಿಗುರು ಕಪ್ಪಾಗುತ್ತದೆ. ಅಂಥ ಸಸಿಯನ್ನು ಬಂದ ವರ್ಷವೇ ನೆಲಕ್ಕಿಳಿಸಬಾರದು. ಮೊದಲ ಮಾಗಿಯನ್ನು ದೊಡ್ಡ ಚೀಲದಲ್ಲೇ, ವರಾಂಡದ ದಕ್ಷಿಣದ ಮೂಲೆಯಲ್ಲಿ ಕಳೆಯಲಿ. ಎರಡನೆಯ ಮಳೆಗಾಲದಲ್ಲಿ ಕಾಂಡ ಬಲಿತ ಮೇಲೆ ನೆಡಿ. ಮ್ಯಾಂಗೋಸ್ಟೀನ್ ಬಗ್ಗೆ ಮಾತ್ರ ನಾನು ಯಾರಿಗೂ ಆಸೆ ಹುಟ್ಟಿಸುವುದಿಲ್ಲ.

ಇನ್ನು ಹಾನಿಯ ಬಗೆ. ಹೆಪ್ಪುಗಟ್ಟುವ ಚಳಿಯಲ್ಲಿ ಜೀವಕೋಶದ ನೀರು ಮಂಜಾಗಿ ಎಲೆ ಸಾಯುತ್ತದೆ. ಉತ್ತರ ಭಾರತದ ಪಾಲಾ ಎಂದರೆ ಅದು. ನಮ್ಮಲ್ಲಿ ಅಂಥದ್ದು ಅಪರೂಪ. ಉಷ್ಣವಲಯದ ಗಿಡಕ್ಕೆ ಸೊನ್ನೆಯವರೆಗೆ ಹೋಗಬೇಕಿಲ್ಲ. ಹತ್ತು ಡಿಗ್ರಿಯ ಕೆಳಗೇ ಅದರ ಕೋಶಪೊರೆಗಳು ಬಿಗಿದುಕೊಂಡು ಬೇರು ನೀರು ಹೀರುವುದನ್ನು ನಿಧಾನಿಸುತ್ತದೆ. ಬಾಳೆ 16 ಡಿಗ್ರಿಯ ಕೆಳಗೆ ಎಲೆ ಬಿಡುವುದನ್ನೇ ಮರೆತಂತೆ ನಿಲ್ಲುತ್ತದೆ. ಗೊನೆ ಹೊರಬರುವ ಹೊತ್ತಿಗೆ ಚಳಿ ಹಿಡಿದರೆ ಗೊನೆ ಕತ್ತಿನಲ್ಲೇ ಸಿಕ್ಕಿಕೊಳ್ಳುವುದೂ ಉಂಟು. ಪಪ್ಪಾಯಿಯ ಬೇರಂತೂ ತಣ್ಣನೆಯ ಒದ್ದೆ ಮಣ್ಣನ್ನು ಸಹಿಸುವುದೇ ಇಲ್ಲ. ಈಗ ಬೆಳಗಿನ ಒಂಬತ್ತು ಗಂಟೆಯನ್ನು ನೆನೆಸಿಕೊಳ್ಳಿ. ಎಲೆಯ ಮೇಲೆ ಪ್ರಖರ ಬಿಸಿಲು ಬಿದ್ದಿದೆ, ಎಲೆ ನೀರು ಬೇಡುತ್ತಿದೆ; ಕೆಳಗೆ ಬೇರು ಇನ್ನೂ ತಣ್ಣಗೆ ಮರಗಟ್ಟಿದೆ. ಗಿಡ ಬಾಡುತ್ತದೆ. ಮನೆಯವರು ನೋಡಿ, ಅಯ್ಯೋ ನೀರಿಲ್ಲ ಎಂದು ಒಂದು ಬಕೆಟ್ ಸುರಿಯುತ್ತಾರೆ. ಮಾರನೆಯ ದಿನ ಮತ್ತೆ ಬಾಡುತ್ತದೆ, ಮತ್ತೊಂದು ಬಕೆಟ್. ಎರಡು ವಾರದಲ್ಲಿ ಬುಡ ಕೊಳೆಯುತ್ತದೆ. ಹೈದರಾಬಾದಿನ ಮಾಗಿಯಲ್ಲಿ ಚಳಿಗೆ ಸತ್ತವೆಂದು ನಾವು ಹೇಳುವ ಎಳೆ ಗಿಡಗಳಲ್ಲಿ ಬಹಳಷ್ಟು ಹೀಗೆ ಪ್ರೀತಿಯ ನೀರಿಗೆ ಸತ್ತವು. ಬಾಡಿದ ಗಿಡ ಕಂಡರೆ ಮೊದಲು ಮಣ್ಣಿಗೆ ಎರಡು ಇಂಚು ಬೆರಳಿಳಿಸಿ. ಅಲ್ಲಿ ಹಸಿ ಇದ್ದರೆ ನೀರು ಬೇಡ. ಹನ್ನೊಂದು ಗಂಟೆಯವರೆಗೆ ಒಂದು ನೆರಳು ಕೊಡಿ, ಬೇರು ಬೆಚ್ಚಗಾದಂತೆ ಎಲೆ ತಾನೇ ಎದ್ದು ನಿಲ್ಲುತ್ತದೆ.

ಸೀತಾಫಲದ ಕಥೆ ಬೇರೆ. ಮಹಬೂಬ್‌ನಗರ ಜಿಲ್ಲೆಯ ಬಾಲಾನಗರದ ಹೆಸರಿನ ತಳಿ ದೇಶಕ್ಕೆಲ್ಲ ಗೊತ್ತು. ಈ ಕಲ್ಲುಭೂಮಿಯ ಮಗಳು ಅದು. ಮಾಗಿಯಲ್ಲಿ ಎಲೆಯುದುರಿಸಿ ಬರಿಗಡ್ಡಿಯಾಗಿ ನಿಲ್ಲುವುದು ಅದರ ನಿದ್ರೆ. ಸತ್ತಿತೆಂದು ಕೀಳಬೇಡಿ, ಎಬ್ಬಿಸಲು ನೀರೂ ಹೊಯ್ಯಬೇಡಿ.

ಚಳಿಯಲ್ಲಿ ನೀರು ಹೆಚ್ಚಾಗಬಾರದೆಂಬುದು ಇಂದಿನ ಶೋಧವಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದದ ಅಧ್ಯಾಯವೊಂದಿದೆ. ಚಳಿ, ಗಾಳಿ, ಬಿಸಿಲುಗಳಿಂದ ಮರಕ್ಕೆ ರೋಗ ಬರುತ್ತದೆ. ಎಲೆ ಬಿಳಿಚುತ್ತದೆ, ಚಿಗುರು ಬೆಳೆಯದೆ ನಿಲ್ಲುತ್ತದೆ, ಕೊಂಬೆ ಒಣಗುತ್ತದೆ, ರಸ ಸೋರುತ್ತದೆ ಎಂದು ಅವನು ಲಕ್ಷಣ ಹೇಳುತ್ತಾನೆ. ಸುರಪಾಲನ ವೃಕ್ಷಾಯುರ್ವೇದ ಇನ್ನೂ ಮುಂದೆ ಹೋಗಿ ಮರದ ರೋಗಗಳನ್ನು ವಾತ, ಪಿತ್ತ, ಕಫ ಎಂದು ವಿಂಗಡಿಸಿ, ಕಫದ ರೋಗ ಚಳಿಗಾಲ ಮತ್ತು ವಸಂತದಲ್ಲಿ ತಂಪಾದುದನ್ನು, ಸಿಹಿಯಾದುದನ್ನು ಅತಿಯಾಗಿ ಉಣಿಸಿದಾಗ ಬರುತ್ತದೆ ಎನ್ನುತ್ತದೆ. ಅವನ ದೋಷಸಿದ್ಧಾಂತವನ್ನು ನಾವು ಇಂದು ಹಾಗೆಯೇ ಒಪ್ಪಬೇಕಿಲ್ಲ. ಕಣ್ಣಿಟ್ಟು ನೋಡಿದ್ದು ಮಾತ್ರ ಸರಿಯಾಗಿದೆ.

ಸುರಪಾಲನ ಈ ಗ್ರಂಥ ಇಂದಿನ ಓದುಗರ ಕೈಗೆ ಬಂದದ್ದು ನಮ್ಮ ಪಕ್ಕದ ಸಿಕಂದರಾಬಾದಿನಿಂದ. ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ದುಡಿದ ಸಸ್ಯರೋಗ ವಿಜ್ಞಾನಿ ವೈ. ಎಲ್. ನೆನೆ 1994ರಲ್ಲಿ ಅಲ್ಲಿ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಸ್ಥಾಪಿಸಿದರು. ನಳಿನಿ ಸಾಧಲೆ ಅವರು ಅನುವಾದಿಸಿದ ಸುರಪಾಲ 1996ರಲ್ಲಿ ಹೊರಬಂತು. ಕನ್ನಡಿಗರಿಗೆ ಇನ್ನೂ ಹತ್ತಿರದ ಸಂಗತಿ ಎಂದರೆ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ವನ್ನು ಇಂಗ್ಲಿಷಿಗೆ ತಂದು 2006ರಲ್ಲಿ ಪ್ರಕಟಿಸಿದ್ದೂ ಇದೇ ಸಂಸ್ಥೆ. 1025ರಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ, ನೀರು ಹುಡುಕುವ ಬಗೆ, ಅಡುಗೆ, ದನದ ವೈದ್ಯ, ಗಿಡದ ವೈದ್ಯ ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟ ಪುಸ್ತಕ ಅದು. ಸಾವಿರ ವರ್ಷ ತುಂಬಿದೆ. ಆ ಚಾಲುಕ್ಯರ ಕನ್ನಡ ಶಾಸನಗಳು ಹೈದರಾಬಾದಿಗೆ ಸಮೀಪದ ಕೊಲನುಪಾಕದಲ್ಲೂ ಇವೆ. ಗಿಡಮರಗಳ ಮಾತನ್ನು ಸಾಹಿತ್ಯದ ಹೊರಗಿಡುವ ರೂಢಿ ನಮ್ಮ ಹಿರಿಯರದಾಗಿರಲಿಲ್ಲ. ಅದಕ್ಕಾಗಿಯೇ ಈ ವೇದಿಕೆಯಲ್ಲಿ ಈ ವಿಷಯ ಮಾತಾಡಲು ನನಗೆ ಸಂಕೋಚವಿಲ್ಲ.

ನಾನು ಇವತ್ತು ಒತ್ತಿ ಹೇಳಬೇಕೆಂದು ಬಂದದ್ದು ಇದು: ಡಿಸೆಂಬರಿನ ಚಳಿಯ ಕೆಲಸ ಜೂನಿನಲ್ಲಿ ಶುರುವಾಗುತ್ತದೆ. ಮುಂಗಾರಿನ ಮೊದಲ ಹದ ಮಳೆಗೆ ನೆಟ್ಟ ಗಿಡಕ್ಕೆ ಬೇರು ಬಿಡಲು ಐದು ತಿಂಗಳು ಸಿಗುತ್ತದೆ. ದಸರೆ ಕಳೆದ ಮೇಲೆ, ನರ್ಸರಿಯಲ್ಲಿ ಚೆಂದ ಕಂಡಿತೆಂದು ತಂದು ನೆಟ್ಟ ಗಿಡ ಬರಿಗಾಲಿನಲ್ಲಿ ಮಾಗಿಗೆ ಇಳಿಯುತ್ತದೆ. ಎರಡನೆಯದು ಗೊಬ್ಬರ. ಸೆಪ್ಟೆಂಬರಿನ ನಂತರ ಎಳೆ ಗಿಡಕ್ಕೆ ಯೂರಿಯಾ ಕೊಡಬೇಡಿ, ಹಸಿ ಸಗಣಿಯನ್ನೂ ಹಾಕಬೇಡಿ. ಸಾರಜನಕ ಸಿಕ್ಕಿದರೆ ಅದು ನವೆಂಬರಿನಲ್ಲಿ ಮತ್ತೆ ಚಿಗುರುತ್ತದೆ. ಆ ನೀರು ತುಂಬಿದ ತಾಮ್ರಬಣ್ಣದ ಚಿಗುರೇ ಚಳಿಗೆ ಮೊದಲ ತುತ್ತು. ಬಲಿತ ಎಲೆ ತಡೆಯುವ ಚಳಿಯನ್ನು ಎಳೆ ಚಿಗುರು ತಡೆಯಲಾರದು. ಇದೇ ಕಾರಣಕ್ಕೆ ದಸರೆಯ ಮೇಲೆ ಕತ್ತರಿಯನ್ನೂ ಆಡಿಸಬಾರದು.

ಇದಕ್ಕೆ ಜಗತ್ತು ಕಂಡ ದೊಡ್ಡ ಪಾಠ ಅಮೆರಿಕದ ಫ್ಲಾರಿಡಾದಲ್ಲಿದೆ. 1894ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಕಿತ್ತಳೆ ತೋಟಗಳಿಗೆ ಕಡು ಹಿಮ ಬಡಿಯಿತು. ಹಣ್ಣು ಹೋಯಿತು, ಎಲೆ ಉದುರಿತು, ಆದರೆ ಮರಗಳು ಬದುಕಿದವು. ಜನವರಿ ಬೆಚ್ಚಗಿತ್ತು, ಮರಗಳು ರಸವೇರಿ ಚಿಗುರಿದವು, ಜನ ನಿಟ್ಟುಸಿರುಬಿಟ್ಟರು. 1895ರ ಫೆಬ್ರುವರಿಯಲ್ಲಿ ಎರಡನೆಯ ಹಿಮ ಬಂದು ಅದೇ ಮರಗಳನ್ನು ನೆಲದವರೆಗೆ ಕೊಂದಿತು. ಹಿಮ ಎರಡೂ ಸಲ ಬಂದಿತ್ತು; ಎರಡನೆಯ ಸಲ ಮರದಲ್ಲಿ ಚಿಗುರಿತ್ತು. ನಮ್ಮಲ್ಲಿ ಇದರ ಸಣ್ಣ ರೂಪ ಆಗಾಗ ನಡೆಯುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಬಂಗಾಳಕೊಲ್ಲಿಯ ಚಂಡಮಾರುತದ ಮೋಡ ಕವಿದು ರಾತ್ರಿಗಳು ಬೆಚ್ಚಗಾಗುತ್ತವೆ, ನಾಲ್ಕು ಹನಿ ಮಳೆಯೂ ಬೀಳುತ್ತದೆ, ಗಿಡ ಮೋಸಹೋಗಿ ಚಿಗುರುತ್ತದೆ. ಮೋಡ ಸರಿದ ಮೂರನೆಯ ದಿನ ಉತ್ತರದ ಒಣಗಾಳಿ ಬೀಸಿ ಉಷ್ಣಾಂಶ ಹಠಾತ್ತನೆ ಕುಸಿಯುತ್ತದೆ. ವರ್ಷದಲ್ಲಿ ಕಾವಲಿರಬೇಕಾದ ರಾತ್ರಿಗಳು ಅವು.

ಆ ರಾತ್ರಿಗಳಿಗೆ ಮೊದಲ ಉಪಾಯ ಮತ್ತೆ ನೀರೇ, ಆದರೆ ಅಳತೆಯಲ್ಲಿ. ಒಣ ಮಣ್ಣಿಗಿಂತ ಹಸಿ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಆದ್ದರಿಂದ ಹಿಂದಿನ ದಿನ ಮಧ್ಯಾಹ್ನವೇ ಪಾತಿ ನೆನೆಯುವಷ್ಟು ನೀರು ಕೊಟ್ಟು ಬಿಸಿಲಿಗೆ ಬಿಡಬೇಕು. ಕೊಳವೆಬಾವಿಯಿದ್ದರೆ ನೇರ ಅದರ ನೀರನ್ನೇ ಹಾಯಿಸಿ. ನೆಲದಾಳದ ನೀರು ಊರಿನ ವರ್ಷದ ಸರಾಸರಿ ಉಷ್ಣಾಂಶದ ಹತ್ತಿರ, ಅಂದರೆ ಇಲ್ಲಿ 25 ಡಿಗ್ರಿಯ ಮೇಲೆಯೇ ಇರುತ್ತದೆ. ಮುಂಜಾನೆ ಅದರಿಂದ ಹಬೆ ಏಳುವುದನ್ನು ನೀವೆಲ್ಲ ನೋಡಿದ್ದೀರಿ. ಮಾಳಿಗೆಯ ಟ್ಯಾಂಕಿನಲ್ಲಿ ರಾತ್ರಿಯೆಲ್ಲ ನಿಂತ ನೀರನ್ನು ಮುಂಜಾನೆ ಬೇರಿಗೆ ಬಿಡುವುದು ಮಾತ್ರ ಹಾನಿ. ಬುಡದ ಮುಚ್ಚಿಗೆಯ ಬಗ್ಗೆಯೂ ಒಂದು ಮಾತು. ಒಣಹುಲ್ಲು, ತರಗೆಲೆಯ ಮುಚ್ಚಿಗೆ ಉಳಿದ ದಿನಗಳಲ್ಲಿ ಬಲು ಒಳ್ಳೆಯದು. ಆದರೆ ಅದು ಬಿಸಿಲು ಮಣ್ಣಿಗೆ ಇಳಿಯುವುದನ್ನೂ ಮಣ್ಣಿನ ಬಿಸಿ ಮೇಲೇರುವುದನ್ನೂ ತಡೆಯುತ್ತದೆ. ಕಡು ಚಳಿಯ ಮುನ್ಸೂಚನೆ ಬಂದ ನಾಲ್ಕೈದು ದಿನ ಅದನ್ನು ಬದಿಗೆ ಸರಿಸಿ, ಹಸಿ ಮಣ್ಣನ್ನು ಬಿಸಿಲಿಗೆ ತೆರೆದಿಡಿ.

ಹೊದಿಕೆಗೆ ಪಂಜಾಬಿನವರನ್ನು ನೋಡಿ ಕಲಿಯಬೇಕು. ಅಲ್ಲಿ ಎಳೆ ಮಾವು, ಲಿಚಿ, ಪಪ್ಪಾಯಿಗಳ ಮೇಲೆ ಹುಲ್ಲಿನ ಸಣ್ಣ ಗುಡಿಸಲು ಕಟ್ಟುತ್ತಾರೆ, ಕುಲ್ಲಿ ಎನ್ನುತ್ತಾರೆ. ಮೂರು ಕಡೆ ಮುಚ್ಚಿ ಬಿಸಿಲು ಬರುವ ಆಗ್ನೇಯಕ್ಕೆ ಬಾಯಿ ಬಿಡುತ್ತಾರೆ. ನಮಗೆ ಅಷ್ಟು ಭಾರದ್ದು ಬೇಡ. ಮೂರು ತೊಗರಿ ಕಟ್ಟಿಗೆ ನೆಟ್ಟು ಮೇಲಕ್ಕೆ ಕಟ್ಟಿ, ಉತ್ತರ ಮತ್ತು ಪೂರ್ವಕ್ಕೆ ಜೋಳದ ಕಣಿಕೆಯನ್ನೋ ತಾಳೆಗರಿಯನ್ನೋ ನೆಲ ಮುಟ್ಟುವಂತೆ ಒರಗಿಸಿದರೆ ಒಣಗಾಳಿಗೆ ಸಾಕು. ತೀರ ಚಳಿಯ ರಾತ್ರಿ ಅದರ ಮೇಲೆ ಗೋಣಿತಟ್ಟನ್ನೋ ಹಳೆಯ ಸೀರೆಯನ್ನೋ ಹೊದಿಸಿ ಬೆಳಗ್ಗೆ ತೆಗೆಯಿರಿ. ಹೊದಿಕೆ ನೆಲದವರೆಗೆ ಬರಬೇಕು, ಏಕೆಂದರೆ ಗಿಡವನ್ನು ಕಾಯುವುದು ಬಟ್ಟೆಯಲ್ಲ, ಅದು ಹಿಡಿದಿಡುವ ನೆಲದ ಬಿಸಿ. ಗಿಡದ ತಲೆಗೆ ಮಾತ್ರ ಚೀಲ ಸುತ್ತಿ ಕಾಂಡಕ್ಕೆ ಕಟ್ಟಿದರೆ ಆ ಬಿಸಿ ಹೊರಗೇ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದಲ್ಲಿ ಎಲೆ ಸುಡುತ್ತದೆ. ಬಿಸಿಲೇರಿದ ಮೇಲೂ ತೆಗೆಯದಿದ್ದರೆ ಒಳಗೆ ಬೇಯುತ್ತದೆ. ಕಾಂಡದ ಕಸಿಗಂಟನ್ನು ವಿಶೇಷವಾಗಿ ಕಾಯಬೇಕು. ಅದರ ಮೇಲಿನದು ಸತ್ತರೆ ಕೆಳಗಿನಿಂದ ಬರುವುದು ಬೇನಿಶಾನ್ ಮಾವಲ್ಲ, ಹೆಸರಿಲ್ಲದ ಬೇರುಗಿಡದ ಚಿಗುರು.

ಹೊಗೆ ಹಾಕುವ ಪದ್ಧತಿಯನ್ನು ನಾನು ಬೇಡವೆಂದೇ ಹೇಳುತ್ತೇನೆ. ಹೊಗೆಯ ಕಣ ಬಹಳ ಸಣ್ಣದು, ನೆಲದಿಂದ ಏಳುವ ಶಾಖವನ್ನು ಅದು ಮೋಡದ ಹಾಗೆ ತಡೆಯಲಾರದು. ಸಿಗುವ ಅಲ್ಪ ಲಾಭ ಬೆಂಕಿಯ ಬಿಸಿಯಿಂದ. ಅದಕ್ಕಾಗಿ ಕಸ, ಟೈರು ಸುಟ್ಟು ನೆರೆಮನೆಯ ಅಜ್ಜನ ಎದೆ ಹಿಡಿಸುವುದು ನ್ಯಾಯವಲ್ಲ. ಡಿಸೆಂಬರಿನ ಮುಂಜಾನೆ ಈ ಊರಿನ ಗಾಳಿ ಮೊದಲೇ ಭಾರ.

ಹೊಗೆಗಿಂತ ಸಾವಿರಪಾಲು ಮೇಲಾದ ಸಾಧನ ಈ ಊರಿಗೆ ಪ್ರಕೃತಿಯೇ ಕೊಟ್ಟಿದೆ: ಬಂಡೆ. ಬಂಜಾರಾ ಹಿಲ್ಸ್‌ನಿಂದ ಗಚ್ಚಿಬೌಲಿಯವರೆಗೆ ಕಾಣುವ ಈ ಗುಂಡುಕಲ್ಲುಗಳಿಗೆ ಸುಮಾರು 250 ಕೋಟಿ ವರ್ಷದ ವಯಸ್ಸು. ಹಗಲೆಲ್ಲ ಬಿಸಿಲು ಕುಡಿದ ಬಂಡೆಯನ್ನು ರಾತ್ರಿ ಹತ್ತಕ್ಕೆ ಮುಟ್ಟಿ ನೋಡಿ, ಇನ್ನೂ ಬೆಚ್ಚಗಿರುತ್ತದೆ. ಬಂಡೆಯ ದಕ್ಷಿಣದ ಮಗ್ಗುಲಲ್ಲಿ, ಮಣ್ಣು ಆಳವಿದ್ದರೆ, ನೆಟ್ಟ ಗಿಡಕ್ಕೆ ಉತ್ತರದ ಗಾಳಿಯೂ ತಪ್ಪಿತು, ರಾತ್ರಿಗೆ ಕಾವೂ ಸಿಕ್ಕಿತು. ಪ್ಯಾರಿಸ್ ಹೊರವಲಯದ ಮೊಂತ್ರೇಯ್‌ನಲ್ಲಿ 17ನೆಯ ಶತಮಾನದಿಂದ ಇದೇ ತತ್ತ್ವದ ಮೇಲೆ ಸಾಲುಗೋಡೆಗಳನ್ನು ಕಟ್ಟಿ, ಅವಕ್ಕೆ ಪೀಚ್ ಗಿಡಗಳನ್ನು ಒರಗಿಸಿ ಬೆಳೆಸಿದರು. ಗೋಡೆ ಹಗಲು ಹಿಡಿದ ಬಿಸಿಲನ್ನು ರಾತ್ರಿ ಗಿಡಕ್ಕೆ ಕೊಟ್ಟಿತು. ಅವರು ಕಟ್ಟಬೇಕಾಗಿ ಬಂದದ್ದು ನಮಗೆ ತಾನಾಗಿ ಸಿಕ್ಕಿತ್ತು. ನಾವು ಅದನ್ನು ಸಿಡಿಮದ್ದಿಟ್ಟು ಒಡೆದು ಜಲ್ಲಿ ಮಾಡುತ್ತಿದ್ದೇವೆ. ಬಂಡೆ ಇರುವವರು ಉಳಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಮಾಳಿಗೆಯ ಮೇಲೆ ಕುಂಡದಲ್ಲಿ ನಿಂಬೆ, ಅಂಜೂರ, ಡ್ರ್ಯಾಗನ್ ಹಣ್ಣು ಬೆಳೆಸುವವರು ಈಗ ಬಹಳ. ಕುಂಡದ ಮಣ್ಣು ಎಲ್ಲ ಬದಿಯಿಂದಲೂ ತಣಿಯುತ್ತದೆ, ಕೆಳಗಿನಿಂದ ಭೂಮಿಯ ಕಾವು ಬರುವುದಿಲ್ಲ. ಮಾಗಿಯ ಎರಡು ತಿಂಗಳು ಕುಂಡಗಳನ್ನು ಮೆಟ್ಟಿಲ ಮನೆಯ ದಕ್ಷಿಣದ ಗೋಡೆಗೆ ಒತ್ತಾಗಿ, ಒಂದಕ್ಕೊಂದು ತಾಗಿಸಿ ಜೋಡಿಸಿದರೆ ಅರ್ಧ ಕೆಲಸ ಮುಗಿಯಿತು.

ಇಷ್ಟೆಲ್ಲ ಹೇಳಿದ ಮೇಲೂ ಚಳಿಯನ್ನು ಶತ್ರುವೆಂದು ಕರೆಯಲು ನನಗೆ ಮನಸ್ಸಿಲ್ಲ. ರಾತ್ರಿಯ ಉಷ್ಣಾಂಶ 15ರ ಆಸುಪಾಸಿಗೆ ಇಳಿದು ಕೆಲವು ವಾರ ನಿಂತರೇ ಮಾವು ಚೆನ್ನಾಗಿ ಹೂಬಿಡುವುದು. ಚಳಿ ಸರಿಯಾಗಿ ಬೀಳದ ವರ್ಷ ಬೇನಿಶಾನ್, ಹಿಮಾಯತ್ ಎರಡರ ಹೂವೂ ಚದುರಿ ತಡವಾಗುತ್ತದೆ. ಸೇಬಿಗಂತೂ ಏಳು ಡಿಗ್ರಿಯ ಕೆಳಗಿನ ನೂರಾರು ಗಂಟೆ ಬೇಕು. ಅಷ್ಟು ಬೇಡದ ತಳಿಯನ್ನು ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳ ನೆರವಿನಿಂದ ಆಸಿಫಾಬಾದ್ ಜಿಲ್ಲೆಯ ಧನೋರಾದಲ್ಲಿ ಬೆಳೆದು ತೋರಿಸಿದ್ದಾರೆ. ಆ ಜಿಲ್ಲೆ ತೆಲಂಗಾಣದ ಅತಿ ಚಳಿಯ ಸೀಮೆಗಳಲ್ಲೊಂದು ಎಂಬುದನ್ನು ನಗರದ ಮಾಳಿಗೆಯಲ್ಲಿ ಸೇಬು ನೆಡುವವರು ನೆನಪಿಡಬೇಕು. ಎಳೆ ಮಾವಿನ ಕಸಿಗೆ ಈ ಚಳಿ ಇನ್ನೊಂದು ಆಮಿಷ ಒಡ್ಡುತ್ತದೆ. ಅದರ ಮೇಲಿನ ಕಡ್ಡಿ ಹಳೆಯ ಮರದ್ದು. ಆದ್ದರಿಂದ ಒಂದಡಿ ಎತ್ತರದಲ್ಲೇ, ಮೊದಲ ಮಾಗಿಯಲ್ಲೇ ಹೂಗೊಂಚಲು ಬಿಡುತ್ತದೆ. ಮನೆಯವರು ಸಂಭ್ರಮದಿಂದ ಅರಿಶಿನ ಕುಂಕುಮ ಹಚ್ಚುತ್ತಾರೆ. ಪೂಜೆ ಮಾಡಿ, ಆಮೇಲೆ ಗೊಂಚಲನ್ನು ಚಿವುಟಿಬಿಡಿ. ಮೊದಲ ಮೂರು ವರ್ಷ ಹೂವಿಗೆ ಹೋಗುವ ಶಕ್ತಿ ಬೇರಿಗೂ ಕಾಂಡಕ್ಕೂ ಹೋಗಬೇಕು. ಹಾಗೆ ಬೆಳೆದ ಗಿಡಕ್ಕೆ ಮುಂದಿನ ಮಾಗಿಯ ಭಯ ಕಡಿಮೆ.

ಕೊನೆಯದಾಗಿ, ಚಳಿ ಬಡಿದ ಗಿಡದ ಆರೈಕೆ. ಕಪ್ಪಾದ ತುದಿ ಕಂಡೊಡನೆ ಕತ್ತರಿ ಹಿಡಿಯಬೇಡಿ. ಸತ್ತ ಎಲೆಗಳೂ ಒಳಗಿನ ಮೊಗ್ಗಿಗೆ ಮರೆಯಾಗಿರುತ್ತವೆ, ಎಲ್ಲಿಯವರೆಗೆ ಸತ್ತಿದೆ ಎಂಬುದು ಜನವರಿಯಲ್ಲಿ ಗೊತ್ತೂ ಆಗುವುದಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೋಗುತ್ತದಲ್ಲ, ಅಲ್ಲಿಯವರೆಗೆ ಕಾಯಿರಿ. ಆಗ ಉಗುರಿನಿಂದ ತೊಗಟೆ ಕೆರೆದು ಹಸಿರಿರುವ ಕಡೆಗೆ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಕಾಂಡಕ್ಕೆ ಸುಣ್ಣ ಬಳಿಯಿರಿ. ಎಲೆ ಕಳೆದುಕೊಂಡ ಗಿಡದ ತೊಗಟೆಯನ್ನು ಮಾರ್ಚಿನ ಬಿಸಿಲು ಸೀಳುತ್ತದೆ. ಕಸಿಗಂಟಿನ ಕೆಳಗೆ ಬಂದ ಚಿಗುರನ್ನೆಲ್ಲ ತೆಗೆಯಿರಿ. ಹೊಸ ಎಲೆ ಕೈಬೆರಳುದ್ದ ಬಂದ ಮೇಲೆ ಮಾತ್ರ ಗೊಬ್ಬರ, ಅದೂ ಎಂದಿನ ಅರ್ಧ ಪಾಲು.

ನಿಮ್ಮ ತೋಟದ, ಮಾಳಿಗೆಯ ಪ್ರಶ್ನೆಗಳಿದ್ದರೆ ಈಗ ಕೇಳಿ. ಎಲೆಯನ್ನೋ ಕಡ್ಡಿಯನ್ನೋ ತಂದಿದ್ದರೆ ಇನ್ನೂ ಒಳ್ಳೆಯದು.